ಬಿಲ್ ಪಾಸಾಗುವ ಮುಂಚೆ ಕೇಳಿ: ಪಾಲಿಕೆ, ನಗರಸಭೆ ಕುರಿತು ಓದುಗರ ಪ್ರಶ್ನೆಗಳು

ನಗರಾಡಳಿತದಲ್ಲಿ ನಡೆಯುವ ಮೋಸ, ಲಂಚ, ಹಿತಾಸಕ್ತಿಯ ತಿಕ್ಕಾಟದ ಬಗ್ಗೆ ಮೈಸೂರು ಮತ್ತು ಮಂಡ್ಯದ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಕಾಮಗಾರಿ, ಲೆಕ್ಕಪತ್ರ, ಕಾನೂನು ಈ ಮೂರನ್ನೂ ಬಲ್ಲವರು ಸೇರಿ ಉತ್ತರ ಬರೆದಿದ್ದಾರೆ. ಮೈಸೂರು ಮಹಾನಗರ ಪಾಲಿಕೆ ನಡೆಯುವುದು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಡಿ. ಮಂಡ್ಯ ನಗರಸಭೆಗೆ ಅನ್ವಯಿಸುವುದು 1964ರ ಪುರಸಭೆಗಳ ಕಾಯ್ದೆ. ಉತ್ತರ ಓದುವಾಗ ಈ ವ್ಯತ್ಯಾಸ ನೆನಪಿರಲಿ.

ಪ್ರಶ್ನೆ: ನಮ್ಮ ಬೀದಿಗೆ ಕಾಂಕ್ರೀಟ್ ರಸ್ತೆ ಹಾಕಲಿದ್ದಾರೆ. ಕೆಲಸ ಕಳಪೆಯಾದರೆ ಆಮೇಲೆ ಕೂಗಾಡಿ ಪ್ರಯೋಜನವಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಎಂಜಿನಿಯರಿಂಗ್ ಓದದ ನಾವು ಮೊದಲೇ ಏನನ್ನು ನೋಡಬೇಕು, ಯಾವ ಕಾಗದ ಕೇಳಬೇಕು?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಮೊದಲು ಕೇಳಬೇಕಾದ್ದು ಅಂದಾಜು ಪಟ್ಟಿ, ಅಂದರೆ ಎಸ್ಟಿಮೇಟ್. ಅದರಲ್ಲಿ ಉದ್ದ, ಅಗಲ, ದಪ್ಪ, ಕಾಂಕ್ರೀಟಿನ ದರ್ಜೆ (ಅದಕ್ಕೆ ಎಷ್ಟು ಬಲವಿರಬೇಕೆಂಬ ಗುರುತು), ದರ ಎಲ್ಲವೂ ಸಾಲುಸಾಲಾಗಿ ಇರುತ್ತವೆ. ಇದರ ಜೊತೆ ಕಾರ್ಯಾದೇಶದ ಪ್ರತಿಯನ್ನೂ ಪಡೆಯಿರಿ. ಗುತ್ತಿಗೆದಾರ ಯಾರು, ಕೆಲಸ ಎಂದು ಮುಗಿಯಬೇಕು, ಮುಗಿದ ಮೇಲೆ ಎಷ್ಟು ಕಾಲ ದುರಸ್ತಿ ಅವನದೇ ಹೊಣೆ ಎಂಬುದು ಅದರಲ್ಲಿ ಮತ್ತು ಕರಾರಿನಲ್ಲಿ ಇರುತ್ತದೆ.

ಈಗ ಲೆಕ್ಕ ಹಾಕೋಣ. ರಸ್ತೆ 100 ಮೀಟರ್ ಉದ್ದ, 4 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದುಕೊಳ್ಳಿ. ಬೇಕಾಗುವ ಕಾಂಕ್ರೀಟ್ 60 ಘನ ಮೀಟರ್. ದಪ್ಪದಲ್ಲಿ ಬರೀ 3 ಸೆಂಟಿಮೀಟರ್ ಕಡಿಮೆ ಮಾಡಿದರೂ 48 ಘನ ಮೀಟರಿನಲ್ಲಿ ಕೆಲಸ ಮುಗಿಯುತ್ತದೆ. ಉಳಿದ 12 ಘನ ಮೀಟರಿಗೆ, ಘನ ಮೀಟರಿಗೆ ಸುಮಾರು 7 ಮೂಟೆಯಂತೆ, 84 ಮೂಟೆ ಸಿಮೆಂಟ್ ಉಳಿಯಿತು. ಮರಳು, ಜಲ್ಲಿ ಬೇರೆ. ಮೇಲಿನಿಂದ ನೋಡಿದರೆ ಎರಡೂ ರಸ್ತೆ ಒಂದೇ ಥರ ಕಾಣುತ್ತವೆ. ಮೋಸ ದಪ್ಪದಲ್ಲೇ ಆಗುವುದು ಇದಕ್ಕೇ. ಉದ್ದ, ಅಗಲವನ್ನು ಯಾರು ಬೇಕಾದರೂ ಟೇಪ್ ಹಿಡಿದು ಅಳೆಯಬಹುದು. ಕಾಂಕ್ರೀಟ್ ಬಿದ್ದ ಮೇಲೆ ದಪ್ಪ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಕಾಂಕ್ರೀಟ್ ಸುರಿಯುವ ದಿನ ಬೆಳಿಗ್ಗೆ ಸ್ಥಳದಲ್ಲಿರಿ. ರಸ್ತೆಯ ಎರಡೂ ಬದಿಗೆ ಕಬ್ಬಿಣದ ಚಾನೆಲ್ ನಿಲ್ಲಿಸಿರುತ್ತಾರೆ. ಅದರ ಎತ್ತರ 15 ಸೆಂಟಿಮೀಟರ್ ಇದೆ ಎಂದು ಸಮಾಧಾನಪಟ್ಟುಕೊಂಡು ಮನೆಗೆ ಹೋಗಬೇಡಿ. ಅಂಚಿನಲ್ಲಿ 15 ಇದ್ದು, ನಡುವೆ ನೆಲ ಉಬ್ಬಿದ್ದರೆ ಅಲ್ಲಿ ಸಿಗುವುದು 10 ಮಾತ್ರ. ಈ ಚಾನೆಲಿನಿಂದ ಆ ಚಾನೆಲಿಗೆ ಬಿಗಿಯಾಗಿ ದಾರ ಕಟ್ಟಿ, ದಾರದಿಂದ ನೆಲಕ್ಕೆ ಮೂರು ಕಡೆ ಅಳೆಯಿರಿ. ಹತ್ತು ಮೀಟರಿಗೊಮ್ಮೆ ಹೀಗೆ ಅಳೆದು, ಟೇಪ್ ಕಾಣುವಂತೆ ಫೋಟೊ ತೆಗೆದಿಡಿ. ರಸ್ತೆಯ ನಡು ಭಾಗ ತುಸು ಏರಿರುವಂತೆ ವಿನ್ಯಾಸ ಇದ್ದರೆ ದಾರದಿಂದ ನೆಲಕ್ಕಿರುವ ಅಂತರ ನಡುವೆ ಕೊಂಚ ಬದಲಾಗುತ್ತದೆ. ಆ ಏರು ಎಷ್ಟೆಂಬುದು ನಕ್ಷೆಯಲ್ಲಿರುತ್ತದೆ, ಅಲ್ಲಿರುವ ಕಿರಿಯ ಎಂಜಿನಿಯರ್ ತೋರಿಸಬೇಕು.

ರೆಡಿಮಿಕ್ಸ್, ಅಂದರೆ ಘಟಕದಲ್ಲೇ ಕಲಸಿದ ಕಾಂಕ್ರೀಟ್, ಬರುತ್ತಿದ್ದರೆ ಲಾರಿ ಎಣಿಸಿ. ಸಾಮಾನ್ಯ ಮಿಕ್ಸರ್ ಲಾರಿಯ ಹೊರೆ 6 ಘನ ಮೀಟರ್. ನಮ್ಮ ಲೆಕ್ಕದ ರಸ್ತೆಗೆ 10 ಲಾರಿ ಬರಬೇಕು. 8 ಬಂದು ಕೆಲಸ ಮುಗಿದರೆ ಪ್ರಶ್ನೆ ಅಲ್ಲೇ ಕೇಳಿ. ಪ್ರತಿ ಲಾರಿಯ ಜೊತೆ ಡೆಲಿವರಿ ಚಲನ್ ಇರುತ್ತದೆ. ದರ್ಜೆ, ಪ್ರಮಾಣ, ಘಟಕದಿಂದ ಹೊರಟ ಸಮಯ ಮೂರೂ ಅದರಲ್ಲಿರುತ್ತವೆ. ಫೋಟೊ ತೆಗೆಯಲು ಒಂದು ನಿಮಿಷ ಸಾಕು.

ಅದೇ ದಿನ 15 ಸೆಂಟಿಮೀಟರಿನ ಘನಾಕೃತಿಯ ಅಚ್ಚುಗಳಲ್ಲಿ ಕಾಂಕ್ರೀಟ್ ತುಂಬಿಸಬೇಕು. 28 ದಿನದ ನಂತರ ಅವನ್ನು ಒತ್ತಿ ಪರೀಕ್ಷಿಸುತ್ತಾರೆ. ಇಲ್ಲಿ ತಪ್ಪುವುದು ಹೇಗೆಂದರೆ, ಪರೀಕ್ಷೆಗೆ ಹೋಗುವ ಅಚ್ಚುಗಳನ್ನು ಬೇರೆಡೆ ಒಳ್ಳೆಯ ಮಿಶ್ರಣದಿಂದ ತುಂಬಿರುತ್ತಾರೆ. ಹಾಗಾಗಿ ಅನುಮಾನ ಬಂದಲ್ಲಿ ಕೋರ್ ಪರೀಕ್ಷೆಯನ್ನೇ ಕೇಳಬೇಕು. ಹಾಕಿದ ರಸ್ತೆಯನ್ನೇ ಕೊರೆದು ತೆಗೆದ ಕೊಳವೆಯಾಕಾರದ ತುಂಡಿನಲ್ಲಿ ದಪ್ಪವೂ ಗೊತ್ತಾಗುತ್ತದೆ, ಬಲವೂ ಗೊತ್ತಾಗುತ್ತದೆ. ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕ 456ರ ಪ್ರಕಾರ ಕೋರ್‌ಗಳ ಸರಾಸರಿ ಬಲ, ನಿಗದಿಯಾದ ದರ್ಜೆಯ ಶೇ 85ಕ್ಕಿಂತ ಕಡಿಮೆ ಇರಬಾರದು. ಯಾವೊಂದು ಕೋರ್ ಕೂಡ ಶೇ 75ಕ್ಕಿಂತ ಕೆಳಗಿಳಿಯಬಾರದು. ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಪ್ರಕಾರ ಕಾಮಗಾರಿ ಪರಿಶೀಲಿಸುವುದು, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವುದು ನಿಮ್ಮ ಹಕ್ಕು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಇನ್ನು ಮುಖ್ಯವಾದ ಮಾತು. ಗುತ್ತಿಗೆದಾರನಿಗೆ ದುಡ್ಡು ಹೋಗುವುದು ಅಳತೆ ಪುಸ್ತಕದ ಮೇಲೆ. ಕಚೇರಿಯವರು ಎಂ.ಬಿ. ಎನ್ನುವುದು ಇದನ್ನೇ. ಕಿರಿಯ ಅಥವಾ ಸಹಾಯಕ ಎಂಜಿನಿಯರ್ ಸ್ಥಳದಲ್ಲಿ ಅಳೆದು ಬರೆಯಬೇಕು, ಮೇಲಿನ ಎಂಜಿನಿಯರ್ ತಾಳೆ ನೋಡಿ ಸಹಿ ಮಾಡಬೇಕು. ಅಂದಾಜು ಪಟ್ಟಿಯ ಅಂಕಿಗಳನ್ನೇ ಕಚೇರಿಯಲ್ಲಿ ಕೂತು ಅಳತೆ ಪುಸ್ತಕಕ್ಕೆ ಇಳಿಸಿದಾಗ ಮೋಸ ಪೂರ್ತಿಯಾಗುತ್ತದೆ. ಅಳತೆಗಳು ಅಂದಾಜಿನ ಜೊತೆ ಸೆಂಟಿಮೀಟರ್ ವ್ಯತ್ಯಾಸವಿಲ್ಲದೆ ಹೊಂದಿಕೊಂಡರೆ ಅದು ಮೆಚ್ಚುವ ಸಂಗತಿಯಲ್ಲ, ಅನುಮಾನಿಸಬೇಕಾದ ಸಂಗತಿ. ನಿಜವಾದ ಬೀದಿಯ ಅಗಲ ಎಲ್ಲ ಕಡೆ ಒಂದೇ ಇರುವುದಿಲ್ಲ.

ಕೊರತೆ ಕಂಡರೆ ಆ ವಾರದೊಳಗೇ ಫೋಟೊ ಸಮೇತ ಒಂದು ಪುಟದ ಪತ್ರ ಬರೆಯಿರಿ. ವಲಯ ಕಚೇರಿಗೆ ಕೊಟ್ಟು ಸುಮ್ಮನಾಗಬೇಡಿ. ಆಯುಕ್ತರಿಗೂ ಲೆಕ್ಕಶಾಖೆಯ ಮುಖ್ಯಸ್ಥರಿಗೂ ಪ್ರತಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಲೆಕ್ಕಶಾಖೆ ಏಕೆಂದರೆ, ಬಿಲ್ ಕಡತ ಕೊನೆಗೆ ಬರುವುದು ಅಲ್ಲಿಗೆ. ಕಡತದಲ್ಲಿ ಲಿಖಿತ ಆಕ್ಷೇಪಣೆ ಕೂತಿದ್ದರೆ, ಅದನ್ನು ದಾಟಿ ಬಿಲ್ ಪಾಸು ಮಾಡುವವರು ಕಾರಣ ಬರೆದೇ ಮಾಡಬೇಕಾಗುತ್ತದೆ. ಹಾಗೆ ಕಾರಣ ಬರೆದು ಹೊಣೆ ಹೊರಲು ಯಾರೂ ಸುಲಭಕ್ಕೆ ಮುಂದಾಗುವುದಿಲ್ಲ. ಹಣ ಹೊರಗೆ ಹೋದ ಮೇಲೆ ವಸೂಲಿ ಮಾಡುವುದು ವರ್ಷಗಟ್ಟಲೆಯ ಕೆಲಸ. ಆದರೂ ಬಿಲ್ ಆಗಿಬಿಟ್ಟಿತೆಂದು ಕೈಬಿಡಬೇಡಿ. ದೋಷ ಹೊಣೆಗಾರಿಕೆಯ ಅವಧಿ ಮುಗಿಯುವ ತನಕ ಗುತ್ತಿಗೆದಾರನ ಭದ್ರತಾ ಠೇವಣಿ ಕಚೇರಿಯ ಕೈಯಲ್ಲೇ ಇರುತ್ತದೆ.

ಪ್ರಶ್ನೆ: ಖಾತೆ ಕೆಲಸಕ್ಕೆ ಕಚೇರಿಯೊಂದರಲ್ಲಿ ದುಡ್ಡು ಕೇಳಿದರು. ಸಾಕಾಗಿ ಮೊನ್ನೆ ಸ್ವಲ್ಪ ಕೊಟ್ಟುಬಿಟ್ಟೆ. ಉಳಿದದ್ದಕ್ಕೆ ಫೋನ್ ಮಾಡುತ್ತಿದ್ದಾರೆ. ಈಗ ಲೋಕಾಯುಕ್ತಕ್ಕೆ ಹೋದರೆ ನನ್ನ ಮೇಲೂ ಕೇಸಾಗುತ್ತದೆಯೇ?
— ಹೆಸರು, ಊರು ಬೇಡ ಎಂದವರು

ಉತ್ತರ: ಬೇಗ ಹೋದರೆ ಇಲ್ಲ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಡುವುದೂ ಅಪರಾಧ. ಆದರೆ ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವರಿಗೆ ರಕ್ಷಣೆ ಇದೆ. ಮೊನ್ನೆ ಕೊಟ್ಟಿದ್ದೀರಿ, ಆದ್ದರಿಂದ ಇನ್ನೂ ಸಮಯವಿದೆ. ಈ ಪತ್ರಿಕೆ ಕೈಗೆ ಬರುವಷ್ಟರಲ್ಲಿ ಅವಧಿ ಮೀರಬಾರದೆಂದು ನಿಮಗೆ ಪ್ರತ್ಯೇಕವಾಗಿಯೂ ಉತ್ತರ ಕಳಿಸಿದ್ದೇವೆ. ಇನ್ನು ಕೊಡದೆಯೇ ದೂರು ಕೊಟ್ಟು, ತನಿಖೆಗೆ ನೆರವಾಗಲು ಆಮೇಲೆ ಹಣ ಕೊಡುವವರಿಗಂತೂ ಈ ಭಯವೇ ಬೇಡ.

ಹೋಗಬೇಕಾದ್ದು ಲೋಕಾಯುಕ್ತ ಪೊಲೀಸ್ ಕಚೇರಿಗೆ. ಮೈಸೂರಿನಲ್ಲಿ ಎಸ್ಪಿ ಕಚೇರಿ ಇದೆ, ಮಂಡ್ಯದಲ್ಲೂ ಲೋಕಾಯುಕ್ತ ಪೊಲೀಸ್ ಠಾಣೆ ಇದೆ. ಒಯ್ಯಬೇಕಾದ್ದು ಅರ್ಜಿಯ ಸ್ವೀಕೃತಿ, ಸಕಾಲ ಸಂಖ್ಯೆ ಇದ್ದರೆ ಅದು, ಫೋನ್ ಮಾತಿನ ಧ್ವನಿಮುದ್ರಣ, ಆನ್‌ಲೈನ್ ಮೂಲಕ ಕೊಟ್ಟಿದ್ದರೆ ಯಾರ ಖಾತೆಗೆ ಹೋಯಿತೆಂಬ ವಿವರ. ಮುದ್ರಣವಿರುವ ಮೂಲ ಫೋನನ್ನೇ ಒಯ್ಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬೇರೆಯವರಿಗೆ ಕಳಿಸಿ ಮೂಲವನ್ನು ಅಳಿಸಿಹಾಕುವುದು ಎಷ್ಟೋ ಕೇಸುಗಳನ್ನು ದುರ್ಬಲ ಮಾಡುತ್ತದೆ.

ಬಲೆ ಬೀಸುವ ಕ್ರಮ ಹೀಗಿರುತ್ತದೆ. ದೂರಿನ ಮೇಲೆ ಎಫ್‌ಐಆರ್ ಆಗುತ್ತದೆ. ಬೇರೆ ಇಲಾಖೆಯ ಇಬ್ಬರನ್ನು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಕರೆಸುತ್ತಾರೆ. ನೋಟುಗಳ ಸಂಖ್ಯೆ ಬರೆದುಕೊಂಡು ಅವಕ್ಕೆ ಫಿನಾಲ್ಫ್‌ಥಲೀನ್ ಪುಡಿ ಸವರುತ್ತಾರೆ. ಆ ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ದ್ರಾವಣವನ್ನು ಸೀಸೆಗೆ ತುಂಬಿ ಮುದ್ರೆ ಒತ್ತಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಆದರೆ ಗುಲಾಬಿ ನೀರೊಂದರಿಂದಲೇ ಶಿಕ್ಷೆ ಆಗುವುದಿಲ್ಲ. ಅಧಿಕಾರಿ ಬೇಡಿಕೆ ಇಟ್ಟದ್ದು, ಆಮೇಲೆ ತಿಳಿದೇ ಪಡೆದದ್ದು, ಎರಡೂ ಸಾಬೀತಾಗಬೇಕು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಸ್ಪಷ್ಟಪಡಿಸಿತು. ದೂರುದಾರ ತೀರಿಹೋದರೂ ಪ್ರತಿಕೂಲ ಸಾಕ್ಷಿಯಾದರೂ ಸಾಂದರ್ಭಿಕ ಸಾಕ್ಷ್ಯದಿಂದ ಇದನ್ನು ಸಾಬೀತು ಮಾಡಬಹುದೆಂದೂ ಅದೇ ತೀರ್ಪು ಹೇಳಿದೆ. ಹಾಗಾಗಿ ಬಲೆಯ ದಿನ ಒಳಗೆ ಹೋದೊಡನೆ ಹಣ ಮುಂದೆ ಚಾಚಬೇಡಿ. ನಿಮ್ಮ ಕೆಲಸದ ಬಗ್ಗೆ ಕೇಳಿ. ಅವರೇ ದುಡ್ಡಿನ ಮಾತು ಎತ್ತಲಿ, ಜೊತೆಗಿರುವ ಪಂಚರ ಕಿವಿಗೂ ಅದು ಬೀಳಲಿ. ಹಣವನ್ನು ಸಾಮಾನ್ಯವಾಗಿ ದೂರುದಾರರೇ ಹೊಂದಿಸಬೇಕಾಗುತ್ತದೆ, ಅದು ಸಾಕ್ಷ್ಯವಾಗಿ ಜಪ್ತಿಯಾಗುತ್ತದೆ. ಮರಳಿ ಪಡೆಯುವ ಕ್ರಮವನ್ನು ಅಂದೇ ಕೇಳಿಟ್ಟುಕೊಳ್ಳಿ. ಲಂಚ ಪಡೆದದ್ದು ಸಾಬೀತಾದರೆ ಕನಿಷ್ಠ 3, ಗರಿಷ್ಠ 7 ವರ್ಷ ಸೆರೆವಾಸ.

ಒಂದು ವಿನಂತಿ. ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವಾಗ ಮಾತು ಬದಲಿಸಬೇಡಿ. ವರ್ಷಗಳು ಕಳೆದಿರುತ್ತವೆ, ಕೆಲಸವೂ ಆಗಿರುತ್ತದೆ, ಪಾಪ ಸಂಸಾರಸ್ಥ ಎಂದು ಪರಿಚಯದವರು ಬಂದು ಹೇಳುತ್ತಾರೆ. ಆ ದಿನ ನೀವು ಹಿಂದೆ ಸರಿದರೆ ಮುಂದಿನ ಅರ್ಜಿದಾರನಿಗೆ ಅದೇ ಮೇಜಿನಲ್ಲಿ ಅದೇ ದರ ಕಾದಿರುತ್ತದೆ.

ಪ್ರಶ್ನೆ: ದೂರು ಕೊಡಬೇಕಾದ್ದು ಎಸಿಬಿಗೋ ಲೋಕಾಯುಕ್ತಕ್ಕೋ?
— ಓದುಗರು, ಮಂಡ್ಯ

ಉತ್ತರ: 2016ರಲ್ಲಿ ರಚಿಸಿದ್ದ ಎಸಿಬಿಯನ್ನು, ಅಂದರೆ ಭ್ರಷ್ಟಾಚಾರ ನಿಗ್ರಹ ದಳವನ್ನು, ಹೈಕೋರ್ಟ್ 2022ರ ಆಗಸ್ಟ್ 11ರಂದು ರದ್ದು ಮಾಡಿತು. ಈಗ ಎಲ್ಲವೂ ಲೋಕಾಯುಕ್ತ. ಲಂಚದ ಬೇಡಿಕೆ ಇದ್ದರೆ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. ಕರ್ತವ್ಯಲೋಪ, ಅಧಿಕಾರ ದುರುಪಯೋಗ, ಕಳಪೆ ಕಾಮಗಾರಿಯಂಥವಕ್ಕೆ ನಿಗದಿತ ನಮೂನೆಯಲ್ಲಿ ಅಫಿಡವಿಟ್ ಸಹಿತ ದೂರು ಸಲ್ಲಿಸಬೇಕು. ಶುಲ್ಕವಿಲ್ಲ. ಆರೋಪದ ಘಟನೆ ನಡೆದು 5 ವರ್ಷ ದಾಟಿರಬಾರದು. ಸಹಿಯಿಲ್ಲದ ಮೂಕರ್ಜಿಗೆ ಬೆಲೆಯಿಲ್ಲ, ಸುಳ್ಳು ದೂರಿಗೆ ಶಿಕ್ಷೆಯೂ ಇದೆ. ಊಹೆ ಬರೆಯಬೇಡಿ, ದಾಖಲೆ ಲಗತ್ತಿಸಿ.

ಪ್ರಶ್ನೆ: ಸ್ಥಳೀಯ ಸಂಸ್ಥೆಯೊಂದರ ಲೆಕ್ಕಶಾಖೆಯಲ್ಲಿ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿಲ್ಲ. ಬಾಯಿಮಾತಿನಲ್ಲಿ ಹೇಳಿ ಬಿಲ್ ಮುಂದೆ ಕಳಿಸು ಎನ್ನುತ್ತಾರೆ. ಪ್ರಾಮಾಣಿಕವಾಗಿರಬೇಕೆಂಬ ಆಸೆ ಇದೆ. ಕೆಲಸ ಉಳಿಸಿಕೊಂಡು ಅದು ಸಾಧ್ಯವೇ?
— ಯುವ ನೌಕರರು

ಉತ್ತರ: ಸಾಧ್ಯ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞತೆ. ನಗರಾಡಳಿತ ಇನ್ನೂ ನಿಂತಿರುವುದು ನಿಮ್ಮಂಥವರಿಂದ.

ಮೊದಲನೆಯದು ಟಿಪ್ಪಣಿ ಹಾಳೆ. ಜಗಳ ಬೇಡ, ಭಾಷಣ ಬೇಡ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ: ‘ಮೂರನೇ ವ್ಯಕ್ತಿಯ ತಪಾಸಣಾ ವರದಿ ಲಗತ್ತಿಸಿಲ್ಲ’, ‘ಅಳತೆ ಪುಸ್ತಕದ ಪುಟ 14ರಲ್ಲಿ ತಿದ್ದುಪಡಿಗೆ ಸಹಿ ಇಲ್ಲ’, ‘ಪರಿಶೀಲನೆಗೆ ಮಂಡಿಸಿದೆ’. ತೀರ್ಮಾನ ಮೇಲಿನವರದು, ವಾಸ್ತವವನ್ನು ದಾಖಲಿಸುವುದು ನಿಮ್ಮದು. ಮುಂದೆ ಲೆಕ್ಕಪರಿಶೋಧಕರು ಬಂದಾಗ ಆ ಎರಡು ಸಾಲುಗಳೇ ನಿಮ್ಮನ್ನು ಕಾಯುತ್ತವೆ. ‘ಚರ್ಚಿಸಿದಂತೆ ಮಂಡಿಸಿದೆ’ ಎಂದು ಮಾತ್ರ ಎಂದಿಗೂ ಬರೆಯಬೇಡಿ. ಯಾರ ಜೊತೆ, ಯಾವಾಗ, ಏನು ಚರ್ಚೆ ಎಂಬುದಿಲ್ಲದ ಆ ಮಾತಿನಿಂದ ಹೊಣೆ ಪೂರ್ತಿ ಬರೆದವನ ತಲೆಗೇ ಬರುತ್ತದೆ. ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಲಿಖಿತವಾಗಿರಬೇಕೆಂದು ನಡತೆ ನಿಯಮಗಳೇ ಹೇಳುತ್ತವೆ. ತುರ್ತಿನಲ್ಲಿ ಬಾಯಿಮಾತಿನ ಆದೇಶ ಬಂದರೆ ‘ಇಂಥ ದಿನಾಂಕ ತಾವು ಮೌಖಿಕವಾಗಿ ಸೂಚಿಸಿದಂತೆ, ದೃಢೀಕರಣ ಕೋರಿ’ ಎಂದು ಹೆಸರು, ಹುದ್ದೆ ಸಹಿತ ಬರೆಯಿರಿ. ಅಷ್ಟಕ್ಕೇ ಎಷ್ಟೋ ಮೌಖಿಕ ಆದೇಶಗಳು ಹಿಂದಕ್ಕೆ ಹೋಗುತ್ತವೆ.

ಎರಡನೆಯದು ಡಿಜಿಟಲ್ ಸಹಿಯ ಟೋಕನ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸಿ ಸಹಿ ಹಾಕುವ ಪುಟ್ಟ ಸಾಧನ. ಅಧಿಕಾರಿಗಳ ಟೋಕನ್ ಮತ್ತು ಪಾಸ್‌ವರ್ಡ್ ಎರಡೂ ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಡ್ರಾಯರ್‌ನಲ್ಲಿರುವುದು ನಮ್ಮ ಕಚೇರಿಗಳ ದೊಡ್ಡ ರೋಗ. ಬಿಲ್ ತಯಾರಿಸುವವರು ಒಬ್ಬರು, ಪರಿಶೀಲಿಸುವವರು ಇನ್ನೊಬ್ಬರು, ಪಾವತಿಗೆ ಒಪ್ಪಿಗೆ ಕೊಡುವವರು ಮತ್ತೊಬ್ಬರು ಎಂಬ ವ್ಯವಸ್ಥೆಯ ಅರ್ಥವೇ ಅಲ್ಲಿ ಮುಗಿಯುತ್ತದೆ. ಮೂರು ಸಹಿಯೂ ಒಂದೇ ಕೈಯಿಂದ ಆಗುತ್ತಿರುತ್ತದೆ. ಟೋಕನ್ನನ್ನು ತನ್ನ ನಿಯಂತ್ರಣದಲ್ಲಿಟ್ಟುಕೊಳ್ಳುವ ಹೊಣೆ ಸಹಿದಾರನದೇ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 42 ಹೇಳುತ್ತದೆ. ‘ನನಗೆ ಗೊತ್ತಿಲ್ಲದೆ ಆಯಿತು’ ಎಂಬುದು ನಡೆಯುವುದಿಲ್ಲ. ನಿಮ್ಮದನ್ನು ಜೇಬಿನಲ್ಲಿಟ್ಟುಕೊಳ್ಳಿ. ರಜೆ ಹೋಗುವಾಗ ಯಾರಿಗೂ ಕೊಟ್ಟು ಹೋಗಬೇಡಿ.

ಮೂರನೆಯದು ಠೇವಣಿ. ಸರ್ಕಾರಿ ಸಂಸ್ಥೆಗಳ ನಿಶ್ಚಿತ ಠೇವಣಿಯ ಹಣ ಮರಳದೆ ಹೋದದ್ದರಿಂದಲೇ 2024ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಎರಡು ಸಾರ್ವಜನಿಕ ವಲಯದ ಬ್ಯಾಂಕುಗಳ ಜೊತೆ ವ್ಯವಹಾರ ನಿಲ್ಲಿಸಲು ಸುತ್ತೋಲೆ ಹೊರಡಿಸಿತ್ತು. ಆಮೇಲೆ ಅದನ್ನು ತಡೆಹಿಡಿಯಿತು. ಇಂಥ ಮೋಸದಲ್ಲಿ ಹಣ ಬ್ಯಾಂಕಿಗೆ ಹೋಗುವುದು ನಿಜ, ಠೇವಣಿಯಾಗುವುದಿಲ್ಲ. ಕಡತಕ್ಕೆ ಬರುವ ರಸೀದಿ ನಕಲಿ, ಹಣ ಬೇರೆ ಖಾತೆಗಳಿಗೆ ಹಂಚಿಹೋಗಿರುತ್ತದೆ. ತಡೆಯುವುದು ಕಷ್ಟವಲ್ಲ. ಠೇವಣಿ ಪತ್ರವನ್ನು ಮಧ್ಯವರ್ತಿಯಿಂದ ಪಡೆಯಬೇಡಿ, ಶಾಖೆಯ ಕೌಂಟರಿನಲ್ಲಿ ಪಡೆಯಿರಿ. ಪತ್ರದಲ್ಲಿ ಅಚ್ಚಾದ ದೂರವಾಣಿಗೆ ಕರೆ ಮಾಡಿ ಖಚಿತಪಡಿಸಿಕೊಂಡರೆ ಸಾಲದು, ಬ್ಯಾಂಕಿನ ಮೇಲ್ಕಚೇರಿಗೆ ಅಧಿಕೃತ ಮಿಂಚಂಚೆ ಕಳಿಸಿ ದೃಢೀಕರಣ ತರಿಸಿಕೊಳ್ಳಿ. ಬಡ್ಡಿ ನಿಗದಿತ ತಿಂಗಳಲ್ಲಿ ಜಮೆಯಾಯಿತೇ ನೋಡಿ. ಪ್ರತಿ ತಿಂಗಳು ನಗದು ಪುಸ್ತಕ ಮತ್ತು ಬ್ಯಾಂಕ್ ಪಟ್ಟಿಯನ್ನು ತಾಳೆ ಮಾಡಿ. ಹಣ ಪಾವತಿಸುವ ಗುಮಾಸ್ತರೇ ತಾಳೆಪಟ್ಟಿಯನ್ನೂ ಮಾಡುವಂತಿರಬಾರದು. ತಾಳೆಪಟ್ಟಿ ಆರು ತಿಂಗಳು ಬಾಕಿ ಉಳಿದಿದೆಯೆಂದರೆ ಅಲ್ಲಿ ಏನೋ ಮುಚ್ಚಿಡಲಾಗಿದೆ ಎಂದೇ ತಿಳಿದು ಪರಿಶೀಲನೆ ಆರಂಭಿಸಬೇಕು.

ಕೊನೆಗೆ ಒಂದು ಕಹಿ ಸತ್ಯ. ಅಕ್ರಮ ಬಯಲು ಮಾಡುವವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಕಾಯ್ದೆ ಮಾಡಿದರೂ ಅದನ್ನು ಜಾರಿಗೆ ತರಲಿಲ್ಲ. ಆದ್ದರಿಂದ ಒಂಟಿಯಾಗಿ ಮುನ್ನುಗ್ಗುವ ಬದಲು ದಾಖಲೆಯ ಮೂಲಕ ಮಾತಾಡಿ. ಬರೆದ ಟಿಪ್ಪಣಿಗಳ ದಿನಾಂಕ, ಕಡತ ಸಂಖ್ಯೆ ಒಂದು ಡೈರಿಯಲ್ಲಿರಲಿ. ಮೂಲ ಕಡತವನ್ನಾಗಲಿ ಅದರ ಪ್ರತಿಯನ್ನಾಗಲಿ ಮನೆಗೆ ಒಯ್ಯಬೇಡಿ. ಅದೇ ನಿಮ್ಮ ಮೇಲಿನ ಆರೋಪವಾದೀತು.

ಪ್ರಶ್ನೆ: ನಗರಪಾಲಿಕೆ ಸದಸ್ಯರ ಭಾಮೈದ ಅದೇ ವಾರ್ಡಿನಲ್ಲಿ ಗುತ್ತಿಗೆ ಕೆಲಸ ಮಾಡಬಹುದೇ? ಕಾನೂನು ಏನು ಹೇಳುತ್ತದೆ?
— ಕಾನೂನು ವಿದ್ಯಾರ್ಥಿನಿ, ಮೈಸೂರು

ಉತ್ತರ: ಸದಸ್ಯರು ತಾವೇ ಅಥವಾ ಪಾಲುದಾರರ ಮೂಲಕ ಪಾಲಿಕೆಯ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಹೊಂದಿದ್ದರೆ ಅನರ್ಹರಾಗುತ್ತಾರೆ. ಪಾಲಿಕೆ ಕಾಯ್ದೆಯ ಕಲಂ 26, ಪುರಸಭೆ ಕಾಯ್ದೆಯ ಕಲಂ 16 ನೋಡಿ. ಆದರೆ ಬರೀ ನೆಂಟಸ್ತಿಕೆಯಿಂದ ಅನರ್ಹತೆ ಬರುವುದಿಲ್ಲ. ಲಾಭದಲ್ಲಿ ಸದಸ್ಯರಿಗೆ ಪಾಲಿದೆ ಎಂದು ತೋರಿಸಬೇಕು. ಬೇನಾಮಿಯ ಜಾಗ ಇರುವುದು ಇಲ್ಲೇ.

ತೋರಿಸಲು ಹಿಡಿಯಬೇಕಾದ ಎಳೆಗಳು ಕೆಲವಿವೆ. ಪಾಲಿಕೆ ಕಾಯ್ದೆಯ ಕಲಂ 19ರ ಪ್ರಕಾರ ಸದಸ್ಯರು ಅಧಿಕಾರಾವಧಿ ಶುರುವಾದ ಒಂದು ತಿಂಗಳೊಳಗೆ, ಆಮೇಲೆ ಪ್ರತಿ ವರ್ಷ ಅದೇ ತಿಂಗಳಲ್ಲಿ, ತಮ್ಮ ಮತ್ತು ಕುಟುಂಬದವರ ಆಸ್ತಿ ವಿವರವನ್ನು ಮೇಯರ್‌ಗೆ ಸಲ್ಲಿಸಬೇಕು. ಸಲ್ಲಿಸದಿದ್ದರೆ, ಸುಳ್ಳು ಬರೆದರೆ ಸದಸ್ಯತ್ವಕ್ಕೇ ಕುತ್ತು. ಅದು ಪಾಲಿಕೆಯ ದಾಖಲೆ, ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ವರ್ಷದಿಂದ ವರ್ಷಕ್ಕೆ ಅದನ್ನು ಹೋಲಿಸಿ.

ಟೆಂಡರ್ ಕಡೆಯಿಂದಲೂ ನೋಡಿ. 1999ರ ಪಾರದರ್ಶಕತೆ ಕಾಯ್ದೆ, ಅಂದರೆ ಕೆಟಿಪಿಪಿ, 5 ಲಕ್ಷ ರೂಪಾಯಿ ತನಕದ ಕಾಮಗಾರಿಗೆ ಟೆಂಡರಿನಿಂದ ವಿನಾಯಿತಿ ಕೊಡುತ್ತದೆ. ಒಂದೇ ಚರಂಡಿಯನ್ನು ‘ಇಂಥವರ ಮನೆಯಿಂದ ಇಂಥವರ ಮನೆ ತನಕ’ ಎಂದು ತುಂಡು ಮಾಡಿ ತಲಾ 4.9 ಲಕ್ಷದ ಮೂರು ಕೆಲಸ ಮಾಡಿದ್ದರೆ ಉದ್ದೇಶ ಕಣ್ಣಿಗೆ ಕಾಣುತ್ತದೆ. ಟೆಂಡರ್ ಆದ ಕಡೆ ಬಿಡ್ ಹಾಕಿದ ಮೂವರಲ್ಲಿ ಇಬ್ಬರ ವಿಳಾಸ ಒಂದೇ ಇರುವುದು, ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಮುಂಗಡ ಠೇವಣಿ, ಒಂದೇ ಬ್ಯಾಂಕ್ ಶಾಖೆಯಿಂದ ಒಂದೇ ದಿನ ಬಂದಿರುವುದು, ಸರದಿಯ ಮೇಲೆ ಗೆಲ್ಲುತ್ತಿರುವುದು, ಇವೆಲ್ಲ ಒಳಒಪ್ಪಂದದ ಗುರುತುಗಳು. ಬಿಡ್‌ಗಳ ವಿವರ ರಾಜ್ಯದ ಸಾರ್ವಜನಿಕ ಖರೀದಿ ಪೋರ್ಟಲ್‌ನಲ್ಲಿ ಸಿಗುತ್ತದೆ. ಒಂದು ವಾರ್ಡಿನ ಎರಡು ವರ್ಷದ ಕಾಮಗಾರಿಗಳನ್ನು ಹಾಳೆಯಲ್ಲಿ ಬರೆದು ನೋಡಿದರೆ ಸಾಕು, ಯಾರ ಹೆಸರು ಮತ್ತೆ ಮತ್ತೆ ಬರುತ್ತಿದೆ ಎಂಬುದು ತಾನೇ ಹೊರಬೀಳುತ್ತದೆ.

ಪ್ರಶ್ನೆ: ಕಂದಾಯ ಕಟ್ಟಿಸಲು ಮಧ್ಯವರ್ತಿಯ ಕೈಗೆ ಹಣ ಕೊಡುವ ಅಭ್ಯಾಸ ನಮ್ಮ ಬೀದಿಯಲ್ಲಿದೆ. ರಸೀದಿಯೂ ಸಿಗುತ್ತದೆ. ತಪ್ಪೇನು?
— ಗೃಹಿಣಿ, ಮೈಸೂರು

ಉತ್ತರ: ರಸೀದಿ ಅಸಲಿಯೇ ಎಂಬುದೇ ತಪ್ಪುವ ಜಾಗ. ಚಲನ್ ಮೇಲೆ ಬ್ಯಾಂಕಿನ ನಕಲಿ ಮುದ್ರೆ ಒತ್ತಿ ಕೊಡುವುದು ಹಳೆಯ ತಂತ್ರ. ಚೆಕ್ ಕೊಟ್ಟು ರಸೀದಿ ಪಡೆದು, ಚೆಕ್ ವಾಪಸಾದರೂ ರಸೀದಿ ಹಾಗೇ ಉಳಿಯುವುದು ಇನ್ನೊಂದು. ಮೂರನೆಯದು, ಅಂಗಡಿಯನ್ನು ವಾಸದ ಮನೆಯೆಂದೋ 1,500 ಚದರಡಿಯನ್ನು 900 ಎಂದೋ ತೋರಿಸಿ ಕಂದಾಯ ಇಳಿಸಿ, ಉಳಿದದ್ದನ್ನು ಹಂಚಿಕೊಳ್ಳುವುದು. ಮೊದಲ ಎರಡರಲ್ಲಿ ನಷ್ಟ ನಿಮಗೆ: ಬಾಕಿ ಹಾಗೇ ಬೆಳೆದು, ಮನೆ ಮಾರುವಾಗಲೋ ಸಾಲಕ್ಕೆ ಹೋದಾಗಲೋ ಹೊರಬೀಳುತ್ತದೆ. ಮೂರನೆಯದರಲ್ಲಿ ಸ್ವಯಂ ಘೋಷಣೆಗೆ ಸಹಿ ಮಾಡಿದ ನೀವೇ ಸುಳ್ಳು ಬರೆದಂತೆ.

ಆನ್‌ಲೈನ್‌ನಲ್ಲೋ ಬ್ಯಾಂಕಿನಲ್ಲೋ ನೀವೇ ಕಟ್ಟಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಕಟ್ಟಿದ ವಾರದ ನಂತರ ನಿಮ್ಮ ಆಸ್ತಿ ಸಂಖ್ಯೆ ಹಾಕಿ ಬಾಕಿ ಸೊನ್ನೆಯಾಗಿದೆಯೇ ನೋಡಿ. ಹಿಂದೆ ಮಧ್ಯವರ್ತಿ ಮೂಲಕ ಕಟ್ಟಿದ ವರ್ಷಗಳ ರಸೀದಿಗಳನ್ನು ವಲಯ ಕಚೇರಿಗೆ ಒಯ್ದು, ಬೇಡಿಕೆ-ವಸೂಲಿ-ಬಾಕಿ ವಹಿಯ ಜೊತೆ ತಾಳೆ ಮಾಡಿಕೊಡಿ ಎಂದು ಬರಹದಲ್ಲಿ ಕೇಳಿ.

ಪ್ರಶ್ನೆ: ಪೌರಕಾರ್ಮಿಕರ ಹೆಸರಿನಲ್ಲಿ ಇಲ್ಲದವರಿಗೆ ಸಂಬಳ ತೋರಿಸುತ್ತಾರೆಂದು ಕೇಳಿದ್ದೇನೆ. ಅದನ್ನು ಹಿಡಿಯುವುದು ಹೇಗೆ?
— ಕಾಲೇಜು ವಿದ್ಯಾರ್ಥಿ, ಮಂಡ್ಯ

ಉತ್ತರ: ರಾಜ್ಯದಲ್ಲಿ 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂಬ ಮಾನದಂಡವಿದೆ. ಪಟ್ಟಿಯಲ್ಲಿ ಎಷ್ಟು ಹೆಸರಿದೆ, ಬೆಳಗಿನ ಹಾಜರಾತಿಗೆ ಎಷ್ಟು ಜನ ಬರುತ್ತಾರೆ, ಬ್ಯಾಂಕಿಗೆ ಎಷ್ಟು ಜನರ ಸಂಬಳ ಹೋಗಿದೆ, ಭವಿಷ್ಯನಿಧಿ ಮತ್ತು ಇಎಸ್‌ಐ ಎಷ್ಟು ಜನರಿಗೆ ಕಟ್ಟಿದೆ: ಈ ನಾಲ್ಕು ಸಂಖ್ಯೆ ಒಂದೇ ತಿಂಗಳದ್ದಾಗಿ ಕೇಳಿ. ನಾಲ್ಕೂ ಹೆಚ್ಚುಕಡಿಮೆ ಹೊಂದಿಕೆಯಾಗಬೇಕು. ಸ್ವಲ್ಪ ಎಚ್ಚರ ಬೇಕು, ರಜೆ ಮತ್ತು ವಾರದ ಬಿಡುವಿನಿಂದ ಹಾಜರಾತಿ ಸಹಜವಾಗಿಯೇ ತುಸು ಕಡಿಮೆ ಇರುತ್ತದೆ. ಬೀದಿಯಲ್ಲಿ ಪೊರಕೆ ಹಿಡಿದ ಹೆಣ್ಣುಮಗಳನ್ನು ನಿಲ್ಲಿಸಿ ಪ್ರಶ್ನಿಸುವುದು ಖಂಡಿತ ಬೇಡ. ಈ ಮೋಸದಲ್ಲಿ ಹೆಚ್ಚು ನಷ್ಟ ಆಗುವುದು ಅವರಿಗೇ. ಇಲ್ಲದವರ ಪಾಲಿನ ಕೆಲಸವನ್ನೂ ಇರುವವರೇ ಮಾಡಬೇಕು.

ಪ್ರಶ್ನೆ: ಮುಡಾ ನಿವೇಶನದ ದೂರನ್ನು ಪಾಲಿಕೆ ತೆಗೆದುಕೊಳ್ಳುತ್ತದೆಯೇ?
— ಓದುಗರು, ಮೈಸೂರು

ಉತ್ತರ: ಇಲ್ಲ. 2024ರಲ್ಲಿ ದೇಶವಿಡೀ ಸುದ್ದಿಯಾದ 50:50 ನಿವೇಶನ ವಿವಾದ (ಭೂಮಿ ಕೊಟ್ಟವರಿಗೆ ಅಭಿವೃದ್ಧಿಯಾದ ಜಾಗದ ಅರ್ಧ ಕೊಡುವ ಯೋಜನೆಯದು) ಆಗ ಮುಡಾ ಎನಿಸಿಕೊಂಡಿದ್ದ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಸೇರಿದ್ದು, ಪಾಲಿಕೆಗೆ ಸಂಬಂಧವಿಲ್ಲ. ಮಂಡ್ಯಕ್ಕೂ ಬೇರೆಯೇ ಪ್ರಾಧಿಕಾರ ಇದೆ. ಬಡಾವಣೆ ಹಸ್ತಾಂತರವಾಗುವ ತನಕ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಪ್ರಾಧಿಕಾರದ ಹೊಣೆ. ಹಸ್ತಾಂತರದ ಪತ್ರದ ಪ್ರತಿ ಮೊದಲು ಪಡೆಯಿರಿ. ಉದ್ಯಾನದ ಜಾಗಕ್ಕೆ ಬೇಲಿ ಬೀಳುವುದು ಹೆಚ್ಚಾಗಿ ಇಬ್ಬರೂ ನಮ್ಮದಲ್ಲ ಎನ್ನುವ ಆ ಅವಧಿಯಲ್ಲಿ.

ಪ್ರಶ್ನೆ: ಮಾಹಿತಿ ಹಕ್ಕಿನಲ್ಲಿ ಕೇಳಿದರೆ ‘ಕಡತ ಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮುಗಿಯಿತೇ?
— ವ್ಯಾಪಾರಸ್ಥರು, ಮಂಡ್ಯ

ಉತ್ತರ: ಮುಗಿಯಲಿಲ್ಲ. ಯಾವ ಮಾಹಿತಿ ನಿರಾಕರಿಸಬಹುದು ಎಂಬ ಪಟ್ಟಿ ಮಾಹಿತಿ ಹಕ್ಕು ಕಾಯ್ದೆಯ ಕಲಂ 8ರಲ್ಲಿದೆ, ಅದರಲ್ಲಿ ಕಡತ ಕಳೆದುಹೋಗಿದೆ ಎಂಬುದಿಲ್ಲ. 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದರಲ್ಲಿ ಎರಡೇ ಬೇಡಿಕೆ ಇರಲಿ: ಕಡತ ಹುಡುಕಿಸಿ ಕೊಡಬೇಕು, ಸಿಗದಿದ್ದರೆ 2010ರ ಕರ್ನಾಟಕ ಸಾರ್ವಜನಿಕ ದಾಖಲೆಗಳ ಕಾಯ್ದೆಯಡಿ ಹೊಣೆ ನಿಗದಿ ಮಾಡಬೇಕು. ಈ ಕಾಯ್ದೆಯ ಹೆಸರು ಬಂದೊಡನೆ ಕಡತ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಿ. ತಪ್ಪಿತಸ್ಥ ಮಾಹಿತಿ ಅಧಿಕಾರಿಗೆ ದಿನಕ್ಕೆ 250ರಂತೆ ಗರಿಷ್ಠ 25,000 ರೂಪಾಯಿ ದಂಡ ಬೀಳಬಹುದು.

ಅರ್ಜಿಯೇ ಸೋಲುವಂತೆ ಬರೆಯುವವರೂ ಇದ್ದಾರೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ‘ಹತ್ತು ವರ್ಷದ ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಎಂದು ಕೇಳಿದರೆ ತಿರಸ್ಕಾರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ‘ಏಕೆ ಮಾಡಲಿಲ್ಲ’ ಎಂದೂ ಕೇಳಬೇಡಿ. ಕಾಯ್ದೆ ಕೊಡುವುದು ದಾಖಲೆಯನ್ನು, ವಿವರಣೆಯನ್ನಲ್ಲ. ಕಾರ್ಯಾದೇಶ ಸಂಖ್ಯೆ ಹಾಕಿ, ‘ಈ ಕಾಮಗಾರಿಯ ಅಳತೆ ಪುಸ್ತಕದ ಪುಟಗಳು, ಬಿಲ್, ಗುಣಮಟ್ಟ ಪರೀಕ್ಷಾ ವರದಿಯ ದೃಢೀಕೃತ ಪ್ರತಿ’ ಎಂದು ಕೇಳಿ. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. 30 ದಿನ ಮೀರಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು.

ಪ್ರಶ್ನೆ: ಮೈಸೂರು ಪಾಲಿಕೆಯ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿದಿದೆ. ಸದಸ್ಯರಿಲ್ಲದ ಹೊತ್ತಿನಲ್ಲಿ ಲೆಕ್ಕ ಕೇಳುವವರು ಯಾರು?
— ನಿವಾಸಿಗಳ ಸಂಘದ ಪದಾಧಿಕಾರಿ

ಉತ್ತರ: ಸದಸ್ಯರಿಲ್ಲದಾಗ ಕೌನ್ಸಿಲ್ ಮತ್ತು ಸ್ಥಾಯಿ ಸಮಿತಿಗಳ ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಗುತ್ತದೆ. 65 ವಾರ್ಡುಗಳ ಕಡತ ಒಬ್ಬರ ಮೇಜಿಗೆ ಬಂದಾಗ ಪ್ರಶ್ನೆ ಕೇಳುವ ಬಾಯಿಗಳೂ ಕಡಿಮೆಯಾಗುತ್ತವೆ. ಇದು ಒಳ್ಳೆಯ ಸ್ಥಿತಿಯಲ್ಲ. ಚುನಾವಣೆ ಸಕಾಲಕ್ಕೆ ಆಗಬೇಕೆಂದು ಒತ್ತಾಯಿಸುವುದೂ ಮೋಸ ತಡೆಯುವ ಕೆಲಸವೇ.

ಅಲ್ಲಿಯ ತನಕ ಲೆಕ್ಕಪರಿಶೋಧನಾ ವರದಿ ನಿಮ್ಮ ಕೈಯಲ್ಲಿರುವ ಆಯುಧ. ರಾಜ್ಯದ ಲೆಕ್ಕಪರಿಶೋಧನೆ ಇಲಾಖೆಯವರು ಬರೆದ ವರದಿಯಲ್ಲಿ ಕಂಡಿಕೆ (ಪ್ಯಾರಾ) ಸಂಖ್ಯೆ, ಆಕ್ಷೇಪಣೆಯಲ್ಲಿಟ್ಟ ಮೊತ್ತ, ವಸೂಲಿಗೆ ಸೂಚಿಸಿದ ಮೊತ್ತ ಇರುತ್ತವೆ. ಆ ಪ್ರತಿ ತೆಗೆದುಕೊಂಡು, ಪ್ರತಿ ಕಂಡಿಕೆಗೆ ಕಚೇರಿ ಕೊಟ್ಟ ಅನುಪಾಲನಾ ವರದಿಯನ್ನು ಕೇಳಿ. ಎಷ್ಟೋ ಆಕ್ಷೇಪಣೆಗಳಿಗೆ ‘ದಾಖಲೆ ಹಾಜರುಪಡಿಸಲಾಗುವುದು’ ಎಂಬ ಒಂದೇ ಸಾಲು ವರ್ಷದಿಂದ ವರ್ಷಕ್ಕೆ ಮುಂದುವರಿದಿರುತ್ತದೆ. ನಿಮ್ಮ ಸಂಘ ಮೊತ್ತ ದೊಡ್ಡದಿರುವ ಐದು ಕಂಡಿಕೆ ಆರಿಸಿಕೊಂಡು, ಪ್ರತಿ ತಿಂಗಳು ಅದರ ಸ್ಥಿತಿ ಏನೆಂದು ಆಡಳಿತಾಧಿಕಾರಿಗೆ ಪತ್ರ ಬರೆಯಲಿ.

ಚುನಾವಣೆ ನಡೆದ ಮೇಲೆ ವಾರ್ಡ್ ಸಮಿತಿ ಕೇಳಿ. 2011ರ ತಿದ್ದುಪಡಿಯಿಂದ ಅದು ಕಾನೂನಿನಲ್ಲೇ ಇದೆ. ಸದಸ್ಯರ ಜೊತೆ ಹತ್ತು ಜನ ನಾಮನಿರ್ದೇಶಿತರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದ ಪ್ರತಿನಿಧಿಗಳು. ಆ ಎರಡು ಸ್ಥಾನಕ್ಕೆ ಯಾರನ್ನು ಕಳಿಸಬೇಕೆಂದು ಸಂಘದ ಸಭೆಯಲ್ಲಿ ಈಗಲೇ ನಿರ್ಣಯ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದಿಡಿ. ವಾರ್ಡಿನಲ್ಲಿ ಗುತ್ತಿಗೆ ಕೆಲಸ ಮಾಡುವವರನ್ನೂ ಅವರ ಮನೆಯವರನ್ನೂ ಕಳಿಸುವುದಿಲ್ಲ ಎಂಬ ಷರತ್ತೂ ಅದೇ ನಿರ್ಣಯದಲ್ಲಿರಲಿ.